ಮೇಷ್ಟ್ರನ್ನು ಕೂರಿಸಿದ ದಿನ

ಬರೆಯುವುದಕ್ಕೆ ಮುನ್ನ ಕೈಮುಗಿಯುವುದು ನನಗೆ ಬಾಲ್ಯದಿಂದ ಬಂದ ರೂಢಿ. ಅಂಗೈಯಲ್ಲಿ ನೆಲೆಸಿ ನನ್ನ ಮಾತನ್ನೂ ಮೌನವನ್ನೂ ಕೇಳುತ್ತ ಬಂದ ಶಿವನಿಗೆ ಶರಣು. ಅಕ್ಷರ ತಿದ್ದಿಸಿದ ಗುರುಗಳಿಗೆ, ಅನ್ನವಿಕ್ಕಿ ಓದಿಸಿದ ಮಠದ ಪಾಠಶಾಲೆಗೆ ಶರಣು. ನನ್ನನ್ನು ಪೊರೆದ ಕಾವೇರಿಯ ನೀರಿಗೆ, ನಡೆದಾಡಿಸಿದ ಕೆಂಪು ನೆಲಕ್ಕೆ ಶರಣು. ಜೊತೆಗೆ, ನನ್ನ ಪಾಲಿಗೆ ಒಬ್ಬ ಸ್ನೇಹಿತರನ್ನು ಕೊಟ್ಟು, ಬಹುಕಾಲ ನನ್ನೆದುರಿಗೆ ಇರಿಸಿ, ಕಳೆದ ಶ್ರಾವಣದಲ್ಲಿ ಹಿಂದಕ್ಕೆ ಕರೆಸಿಕೊಂಡ ಆ ಕೃಪೆಗೂ ಶರಣು ಎನ್ನಬೇಕು. ನಾಲಿಗೆ ಅನ್ನುತ್ತದೆ. ಎದೆ ಇನ್ನೂ ಒಪ್ಪಿಲ್ಲ.

ನಮ್ಮ ಮನೆತನಗಳಲ್ಲಿ ಶಿವೈಕ್ಯರಾದವರನ್ನು ಮಲಗಿಸಿ ಕಳಿಸುವ ವಾಡಿಕೆಯಿಲ್ಲ. ಪೂಜೆಗೆ ಕುಳಿತಂತೆ ಕಾಲು ಮಡಿಸಿ ಕೂರಿಸಿ, ಹಣೆಗೆ ವಿಭೂತಿ ಧರಿಸಿ, ಬದುಕಿದ್ದಷ್ಟು ದಿನ ಎದೆಯ ಮೇಲೆ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ಕುಳಿತಂತೆಯೇ ಮಣ್ಣಿಗೆ ಒಪ್ಪಿಸುತ್ತೇವೆ. ನನ್ನ ಸ್ನೇಹಿತರು ತೀರಿಕೊಂಡಾಗ ಅವರ ಪತ್ನಿ ಈ ಲೋಕದಿಂದ ಬೇಡಿದ್ದು ಇದೊಂದನ್ನೇ. ಬಹಳ ಪ್ರೀತಿಯಿಂದ ನಡೆದ ಒಂದು ತಪ್ಪಿನಿಂದ ಅದೂ ಕೈತಪ್ಪಿ ಹೋಗುವುದರಲ್ಲಿತ್ತು. ಆ ಒಂದು ಹಗಲಿನ ಸಂಗತಿಯನ್ನು ಹೇಳಬೇಕಾದರೆ ಅವರು ಯಾರೆಂಬುದನ್ನು ಮೊದಲು ಹೇಳಬೇಕು.

ಹುಣಸೂರು ತಾಲ್ಲೂಕಿನಲ್ಲಿ, ಕಟ್ಟೆಮಳಲವಾಡಿಯಿಂದ ಸ್ವಲ್ಪ ಆಚೆಗಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಪಂಡಿತನಾಗಿದ್ದೆ. ಅವರು ದೈಹಿಕ ಶಿಕ್ಷಣದ ಮೇಷ್ಟ್ರು. ಗಣಿತದ ಹುದ್ದೆ ಬಹುಕಾಲ ಖಾಲಿ ಬಿದ್ದಿದ್ದುದರಿಂದ ಎಂಟನೆಯ ತರಗತಿಗೆ ಗಣಿತವನ್ನೂ ಅವರೇ ಹೇಳಿಕೊಡುತ್ತಿದ್ದರು. ಹಗ್ಗಕ್ಕೆ ಗಂಟು ಹಾಕಿ ಮೈದಾನದ ಮೂಲೆಗಳಲ್ಲಿ ಮಕ್ಕಳನ್ನು ನಿಲ್ಲಿಸಿ, ಲಂಬಕೋನ ಹೀಗೆ ಹುಟ್ಟುತ್ತದೆ ಎಂದು ತೋರಿಸಿ, ಅದೇ ಗೆರೆಯ ಮೇಲೆ ಸುಣ್ಣ ಸುರಿದು ಸಂಜೆಗೆ ಖೋ ಖೋ ಅಂಕಣ ಮಾಡಿಬಿಡುತ್ತಿದ್ದರು. ಹೀಗೆ ಒಂದೇ ಗೆರೆಯಿಂದ ಬೆಳಿಗ್ಗೆ ಪಾಠವೂ ಸಂಜೆ ಆಟವೂ ನಡೆಯುತ್ತಿದ್ದವು.

ಮಳೆಗಾಲದಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದ ದಿನ ಅವರು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತರೆಂದರೆ ನನ್ನ ಪೀರಿಯಡ್ಡಿಗೆ ಕುತ್ತು ಬಂತೆಂದೇ ಅರ್ಥ.

"ಪಂಡಿತ್ರೇ, ನಿಮ್ಮ ಸಂಧಿ ಸಮಾಸ ನಾಳೆ ಮಳೇಲೂ ನಡೀತವೆ. ನನ್ ಪಾಠ ನೆನೆದೋಗ್ತದೆ. ಇವತ್ತೊಂದಿನ ಮಕ್ಳನ್ನ ಬುಟ್ಕೊಡಿ," ಎನ್ನುವರು. ನಾನು ಗೊಣಗಿಕೊಂಡೇ ಬಿಟ್ಟುಕೊಡುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ತಮ್ಮ ಪೀರಿಯಡ್ಡುಗಳನ್ನೆಲ್ಲ ನನಗೆ ಒಪ್ಪಿಸಿ ಆ ಬಾಕಿಯನ್ನು ಅವರು ತೀರಿಸುವುದೂ ಇತ್ತು.

ಹೆಣ್ಣುಮಕ್ಕಳ ಖೋ ಖೋ ತಂಡವೊಂದನ್ನು ಕಟ್ಟಬೇಕೆಂಬುದು ಅವರ ಹಂಬಲ. ನಮ್ಮ ಸೀಮೆಯಲ್ಲಿ ಅದಕ್ಕೆ ಅಡ್ಡಿಯಾದದ್ದು ಸಂಕೋಚಕ್ಕಿಂತ ಹೆಚ್ಚಾಗಿ ಹೊಗೆಸೊಪ್ಪು. ಆಷಾಢ ಕಳೆಯಿತೆಂದರೆ ಹುಣಸೂರು, ಪಿರಿಯಾಪಟ್ಟಣದ ಊರೂರಿನಲ್ಲೂ ಸೊಪ್ಪು ಮುರಿಯುವ ಕೆಲಸ ಹತ್ತುತ್ತದೆ. ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಬೇಯಿಸುವ ಮನೆಯೊಳಗೆ ತೂಗುಹಾಕಿ, ಕೆಳಗಿನಿಂದ ಬೆಂಕಿ ಹಾಕುತ್ತಾರೆ. ಕಟ್ಟುವುದಕ್ಕೆ ಹೆಣ್ಣುಮಕ್ಕಳ ಬೆರಳುಗಳೇ ಆಗಬೇಕು. ತಾಲ್ಲೂಕಿನ ಕ್ರೀಡಾಕೂಟ ಬರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ.

ಚೆನ್ನಾಗಿ ಓಡುತ್ತಿದ್ದ ಹುಡುಗಿಯೊಬ್ಬಳು ಹೀಗೆ ಶಾಲೆ ತಪ್ಪಿಸಿದಾಗ ಮೇಷ್ಟ್ರು ಅವಳ ಮನೆಗೆ ಹೋದರು. ಜೊತೆಗೆ ನಾನೂ ಇದ್ದೆ. ಅವಳ ತಂದೆ ಎಲೆಯ ರಾಶಿಯ ನಡುವಿನಿಂದ ತಲೆಯೆತ್ತದೆ ಕೇಳಿದರು, "ಇವ್ಳು ಆಟಕ್ಕೋದ್ರೆ ಬ್ಯಾರನ್ ನೀವು ತುಂಬ್ಕೊಟ್ಟೀರಾ ಸಾ?"

"ತುಂಬ್ಕೊಡ್ತೀನಿ ಬುಡಪ್ಪ. ಕಡ್ಡಿ ಎಲ್ಲಿಟ್ಟಿದ್ದೀಯ?" ಎಂದು ಮೇಷ್ಟ್ರು ಚಪ್ಪಲಿ ಕಳಚಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. ಅವರು ಕಟ್ಟಿದ ಮೊದಲ ಕಡ್ಡಿಯ ಎಲೆಗಳೆಲ್ಲ ಎತ್ತಿದೊಡನೆ ಜಾರಿ ಬಿದ್ದವು. ಮನೆಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆ ಹುಡುಗಿಯೇ ಅವರ ಪಕ್ಕ ಕುಳಿತು, ದಾರವನ್ನು ಯಾವ ಕಡೆಯಿಂದ ಸುತ್ತಬೇಕೆಂದು ಕಲಿಸಿಕೊಟ್ಟಳು. ಮರುವಾರ ತಂಡದ ಮಕ್ಕಳೆಲ್ಲ ಅಲ್ಲಿದ್ದರು. ಆಮೇಲೆ ಅದೇ ಒಂದು ಪದ್ಧತಿಯಾಯಿತು. ಯಾವ ಹುಡುಗಿಯ ಮನೆಯಲ್ಲಿ ಬ್ಯಾರನ್ ತುಂಬುವುದಿದೆಯೋ ಅಲ್ಲಿಗೆ ಬೆಳಿಗ್ಗೆಯೇ ಇಡೀ ತಂಡ ಹೋಗುವುದು, ಕೆಲಸ ಮುಗಿಸುವುದು, ಆಮೇಲೆ ಮೈದಾನ. ಹೊಗೆಸೊಪ್ಪನ್ನು ಒಂದು ದಿನವೂ ಬಾಯಿಗೆ ಹಾಕದ ನನ್ನ ಸ್ನೇಹಿತರ ಅಂಗೈ ಆ ತಿಂಗಳುಗಳಲ್ಲಿ ಎಲೆಯ ಅಂಟಿನಿಂದ ಕರ್ರಗಾಗಿರುತ್ತಿತ್ತು. ಅವರ ಪತ್ನಿ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. "ಲಿಂಗ ಮುಟ್ಟೋ ಕೈ ಕಣ್ರೀ ಇದು," ಎಂದು ಆಕೆ ಗದರಿದರೆ, ಅವರು ನನ್ನ ಕಡೆ ತಿರುಗಿ ಶಾಸ್ತ್ರದಲ್ಲಿ ಇದಕ್ಕೇನಾದರೂ ಪರಿಹಾರವಿದೆಯೇ ಎಂದು ಕೇಳುವರು. ದುಡಿದ ಕೈಗೆ ಮೈಲಿಗೆಯಿಲ್ಲವೆಂದು ನಾನು ಹೇಳುವೆನು. ಮೇಷ್ಟ್ರ ಪರ ವಹಿಸುತ್ತೇನೆಂದು ಆಕೆ ನನ್ನನ್ನೂ ಸೇರಿಸಿ ಬೈಯುವರು.

ಆಟದಲ್ಲಿ ಮಕ್ಕಳ ಮೀನಖಂಡ ಹಿಡಿದುಕೊಳ್ಳುವುದುಂಟು. ಕಾಲು ಕಲ್ಲಿನಂತಾಗಿ, ಮಗು ನೆಲಕ್ಕೆ ಬಿದ್ದು ಒದ್ದಾಡುತ್ತದೆ. ಮೇಷ್ಟ್ರು ಆ ಹೆಣ್ಣುಮಕ್ಕಳ ಕಾಲನ್ನು ಒಂದು ದಿನವೂ ಮುಟ್ಟಿದವರಲ್ಲ. ಮೈದಾನದ ಕಲ್ಲಿನ ಮೇಲೆ ಕುಳಿತು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ, ತಮ್ಮ ಕಾಲನ್ನೇ ಹಲಗೆ ಮಾಡಿಕೊಂಡು ನರ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತೋರಿಸಿಕೊಟ್ಟಿದ್ದರು. ಯಾರಿಗಾದರೂ ಹಿಡಿದುಕೊಂಡರೆ ಉಳಿದ ಮಕ್ಕಳು ಸುತ್ತ ಕೂರಬೇಕು, ಅವರೇ ನೀವಬೇಕು. ಇವರು ಬೆನ್ನು ತಿರುಗಿಸಿ ನಿಂತು ಹೇಳುತ್ತಿದ್ದರು, "ನೋವಿರೋ ಕಡೆ ಮೊದ್ಲು ಕೈ ಹಾಕ್ಬೇಡ್ರವ್ವ. ಹೆಬ್ಬೆಳ್ಳಿಂದ ಬನ್ನಿ. ಬಗ್ಸೋಕೆ ಓಗ್ಬೇಡಿ, ಅದಾಗೇ ಬಗ್ತದೆ."

ಆ ತಂಡ ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಕೆ.ಆರ್. ನಗರದಲ್ಲಿ ಗೆದ್ದು ಬಂದ ಒಂದು ಸಂಜೆ ಮಕ್ಕಳನ್ನು ಚುಂಚನಕಟ್ಟೆಗೆ ಕರೆದೊಯ್ದಿದ್ದೆವು. ಅವರೆಲ್ಲ ನೀರಿನಲ್ಲಿ ಕಾಲಿಳಿಬಿಟ್ಟು ಗಲಾಟೆ ಮಾಡುತ್ತಿದ್ದರೆ, ನನ್ನ ಸ್ನೇಹಿತರು ದೇವಸ್ಥಾನದ ಮೆಟ್ಟಿಲ ಮೇಲೆ ಅವರ ಚಪ್ಪಲಿಗಳಿಗೆ ಕಾವಲು ಕುಳಿತು, ಮೊಸರನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದರು. ಸೋತ ದಿನ ಅವರು ಏನು ಹೇಳುತ್ತಿದ್ದರೆಂದು ಈಗ ಎಷ್ಟು ನೆನೆದರೂ ನೆನಪಾಗುತ್ತಿಲ್ಲ.  ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಅಳುವವರ ನಡುವೆ ಹೋಗಿ ಕುಳಿತುಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರು ಭೇರ್ಯದ ಕಡೆಯ ತಮ್ಮ ಊರಿಗೆ ಹೋಗಿ ಗದ್ದೆ ನೋಡಿಕೊಂಡಿದ್ದರು. ನಾನು ಕೆ.ಆರ್. ನಗರದಲ್ಲಿ ನೆಲೆಸಿದೆ. ಅವರಿಗೆ ಮಕ್ಕಳಿರಲಿಲ್ಲ. ಸೋಮವಾರದ ಬೆಳಿಗ್ಗೆ ನಾನು ಬಸ್ಸು ಹತ್ತಿ ಅವರ ಮನೆಗೆ ಹೋದರೆ ಇಬ್ಬರೂ ಒಟ್ಟಿಗೆ ಪೂಜೆಗೆ ಕೂರುತ್ತಿದ್ದೆವು. ನಾನು ಜಂಗಮ ಮನೆತನದವನು, ಅವರ ಮನೆಯ ವಿಧಿಗಳನ್ನು ನಡೆಸುವ ಅಯ್ಯನವರೂ ನಾನೇ, ಮಂತ್ರ ಉದ್ದ. ಅವರದು ಬರಿಯ ಪಂಚಾಕ್ಷರಿ. ಎಡಗೈಯ ಮೇಲೆ ಲಿಂಗವನ್ನಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕುಳಿತರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಅವರ ಪತ್ನಿ ಅಡುಗೆಮನೆಯ ಬಾಗಿಲಿಗೆ ಒರಗಿ, ತಮ್ಮ ಕೆಲಸ ಬಿಟ್ಟು, ಅವರು ಹಾಗೆ ಕುಳಿತಿರುವುದನ್ನೇ ನೋಡುತ್ತಿದ್ದುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಶ್ರಾವಣದಲ್ಲಿ ಅವರಿಗೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮೈಮೇಲಿನದನ್ನೆಲ್ಲ ತೆಗೆಯಬೇಕೆಂದಾಗ ಲಿಂಗವನ್ನು ವಸ್ತ್ರದ ಸಮೇತ ಅವರ ಪತ್ನಿ ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು. ಕೆಲವು ದಿನಗಳ ನಿದ್ದೆಗೇಡಿನಿಂದ ಆಕೆ ಕುಸಿಯುವ ಹಾಗಾದಾಗ, ಹುಣಸೂರಿನಲ್ಲಿ ಬಸ್ಸಿನ ಡ್ರೈವರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ರಜೆ ಹಾಕಿ ಬಂದ. ಹುಡುಗರ ತಂಡದಲ್ಲಿ ಆಡಿದವನು. ನೀವು ಊರಿಗೆ ಹೋಗಿ ಸ್ನಾನ ಮಾಡಿಕೊಂಡು ಬನ್ನಿ, ಸಾರ್ ಹತ್ತಿರ ನಾನಿರುತ್ತೇನೆ ಎಂದು ಹೇಳಿ ಆಕೆಯನ್ನು ಬಲವಂತದಿಂದ ಕಳಿಸಿಕೊಟ್ಟ. ಅದೇ ಸಂಜೆ ಮೇಷ್ಟ್ರು ಹೋಗಿಬಿಟ್ಟರು.

ಆಗ ಅವರ ಪಕ್ಕದಲ್ಲಿ ಅವನೊಬ್ಬನೇ. ಆಸ್ಪತ್ರೆಯ ಆಳುಗಳು ಬಂದಾಗ, ನಮ್ಮ ಸಾರನ್ನು ಯಾರೂ ಮುಟ್ಟಬೇಡಿ, ನಾನೇ ನೋಡಿಕೊಳ್ಳುತ್ತೇನೆ ಎಂದನಂತೆ. ತನ್ನ ಮನೆಯ ಹಿರಿಯರಿಗೆ ಹೇಗೆ ಮಾಡಿದ್ದನೋ ಹಾಗೆಯೇ, ಕಣ್ಣು ಮುಚ್ಚಿಸಿ, ಕಾಲುಗಳನ್ನು ನೀಳವಾಗಿ ಎಳೆದು, ತನ್ನ ಹೊಸ ಟವೆಲಿನ ಅಂಚನ್ನು ಹರಿದು ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದ. ಕೈಗಳನ್ನು ಪಕ್ಕಕ್ಕೆ ಚಾಚಿಸಿದ. ಅವನ ಜಾತಿಯಲ್ಲಿ ಹಿರಿಯರಿಗೆ ಸಲ್ಲಿಸುವ ಗೌರವ ಅದು. ನಮ್ಮಲ್ಲಿ ಉಸಿರು ನಿಂತ ಸ್ವಲ್ಪ ಹೊತ್ತಿನಲ್ಲೇ, ಮೈ ಬಿಸಿಯಿರುವಾಗಲೇ, ಕಾಲು ಮಡಿಸಿ ಕೂರಿಸಬೇಕೆಂಬುದು ಅವನಿಗೆ ಹೇಗೆ ತಿಳಿಯಬೇಕು? ಹೇಳುವವರು ಯಾರೂ ಅಲ್ಲಿರಲಿಲ್ಲ. ವಾಹನ ಸಿಗುವುದು ತಡವಾಗಿ, ಬೆಳಗಿನವರೆಗೆ ದೇಹವನ್ನು ಶೀತಲ ಕೊಠಡಿಯಲ್ಲಿ ಹಾಗೆಯೇ ಮಲಗಿಸಿದ್ದರು.

ಬೆಳಿಗ್ಗೆ ವಾಹನ ಊರಿಗೆ ಬರುವ ಹೊತ್ತಿಗೆ ನಾನು ಅಲ್ಲಿದ್ದೆ. ನಡುಮನೆಯ ಗೋಡೆಗೆ ಸೇರಿಸಿ ಗದ್ದಿಗೆ ಹಾಸಿದ್ದರು. ಬಿಲ್ವಪತ್ರೆ ಬಂದಿತ್ತು. ಅವರನ್ನು ಒಳಗೆ ತಂದು ಇಳಿಸಿದಾಗ ನಮಗೆಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ದೇಹ ಹಲಗೆಯ ಹಾಗೆ ಸೆಟೆದಿತ್ತು. ಅವರ ಅಣ್ಣನವರು ಮೊಣಕಾಲಿನ ಕೆಳಗೆ ಕೈಯಿಟ್ಟು ಎತ್ತಲು ನೋಡಿದರೆ ಎರಡು ಕಾಲೂ ಸೊಂಟವೂ ಒಟ್ಟಿಗೆ ಮೇಲಕ್ಕೆ ಬಂದವು.

ಮೇಷ್ಟ್ರ ಪತ್ನಿಯ ಕಣ್ಣು ಹೆಬ್ಬೆರಳಿನ ಕಟ್ಟಿನ ಮೇಲೆ ನಿಂತಿತು. ಇದನ್ನು ಕಟ್ಟಿದವರು ಯಾರೆಂದು ಮೆಲ್ಲಗೆ ಕೇಳಿದರು.

"ನಾನೇ ಕಣವ್ವ. ನಮ್ಮ ಮನೇಲಿ ಅಂಗೇ..." ಎಂದು ಶುರುಮಾಡಿದ ಡ್ರೈವರು ಎಲ್ಲರ ಮುಖವನ್ನು ನೋಡಿ ಅಲ್ಲಿಗೇ ನಿಲ್ಲಿಸಿದ. ಯಾರೂ ಅವನನ್ನು ಬೈಯಲಿಲ್ಲ. ಯಾರೋ ಒಬ್ಬರು ತಗ್ಗಿದ ದನಿಯಲ್ಲಿ ಅವನಿಗೆ ವಿಷಯವನ್ನು ವಿವರಿಸಿದರು. ಕೇಳಿದವನು ಹೊರಗೆ ಹೋಗಿ ಕೊಟ್ಟಿಗೆಯ ಗೋಡೆಯ ಹಿಂದೆ ಕುಳಿತುಬಿಟ್ಟ.

ಊರಿನ ಬಲವಾದ ಆಳುಗಳನ್ನು ಕರೆಸಿ ಅದುಮಿಸಿದರೆ ಬಗ್ಗುತ್ತದೆ ಎಂದು ಅಣ್ಣನವರು ಹೇಳಿದರು. ಹಿಂದೆ ಒಂದು ಮನೆಯಲ್ಲಿ ಹಾಗೆ ಅದುಮಿದಾಗ ಆದ ಸದ್ದು ನನ್ನ ಕಿವಿಯಲ್ಲಿ ಇಂದಿಗೂ ಉಳಿದಿದೆ. ಅದು ಖಂಡಿತ ಕೂಡದೆಂದೆ. ಮನೆತನದ ಅಯ್ಯನವರಾಗಿ ವಿಧಿ ನಡೆಸಬೇಕಾದವನು ನಾನೇ ಆದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ಆಪತ್ತಿನಲ್ಲಿ ಮಲಗಿಸಿಯೂ ಸಮಾಧಿ ಮಾಡಬಹುದು, ಶಿವನು ಭಂಗಿಯನ್ನು ಎಣಿಸುವುದಿಲ್ಲ, ಅದಕ್ಕೆ ದೋಷವಿಲ್ಲ ಎಂದು ನಾನು ಆಕೆಗೆ ಹೇಳಿದೆ. ಹೇಳಿದ್ದು ಸತ್ಯವೇ.

ಆಕೆ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. "ಶಾಸ್ತ್ರ ಒಪ್ತದೆ ಅಯ್ನೋರೆ. ನಾನು ಒಪ್ಪಾಕಿಲ್ಲ. ದಿನಾ ಬೆಳಿಗ್ಗೆ ಅವ್ರು ಕೂತಿದ್ದ ನೋಡಿದೋಳು ನಾನು. ಮಲಗ್ದೋರನ್ನ ಮಣ್ಣಿಗಾಕಿ, ನಾಳೆಯಿಂದ ಕಣ್ಣು ಮುಚ್ಚಿದ್ರೆ ನನಗೆ ಏನು ಕಾಣ್ಬೇಕು?"

 ಓದಿದ ಗ್ರಂಥಗಳನ್ನೆಲ್ಲ ನಾನು ಮನಸ್ಸಿನಲ್ಲೇ ತಿರುವಿಹಾಕಿದೆ.

ಆ ಹೊತ್ತಿಗೆ ಹೊರಗೆ ಗೂಡ್ಸ್ ಆಟೋ ಒಂದು ಬಂದು ನಿಂತಿತು. ಹಳೆಯ ತಂಡದ ಹೆಣ್ಣುಮಕ್ಕಳು ಇಳಿದರು. ಮಕ್ಕಳು ಎಂದು ನಾನು ಬರೆಯುತ್ತೇನೆ. ಅವರಲ್ಲಿ ಸೊಸೆಯಂದಿರನ್ನು ತಂದುಕೊಂಡವರೂ ಇದ್ದರು. ಸೊಪ್ಪಿನ ಕಾಲ. ಕೆಲವರು ಹೊಲದಿಂದ ನೇರವಾಗಿ ಹೊರಟು ಬಂದಿದ್ದರು, ಕೈಗಳಲ್ಲಿ ಅಂಟು ಹಾಗೆಯೇ ಇತ್ತು. ಮುಂದೆ ಇದ್ದವಳು ಅಂದು ಮೇಷ್ಟ್ರಿಗೆ ಎಲೆ ಕಟ್ಟುವುದನ್ನು ಕಲಿಸಿದ ಹುಡುಗಿ. ಮೊದಲ ತಂಡದ ನಾಯಕಿ. ಈಗ ಎಚ್.ಡಿ. ಕೋಟೆಯ ಕಡೆಯ ಶಾಲೆಯೊಂದರಲ್ಲಿ ತಾನೇ ಆಟದ ಟೀಚರು. ಬಾಗಿಲಲ್ಲಿ ನಿಂತು ಅವಳು ಗುರುವನ್ನು ನೋಡಿದಳು, ಹಾಸಿದ್ದ ಗದ್ದಿಗೆಯನ್ನು ನೋಡಿದಳು. ಅಳುವಳೆಂದುಕೊಂಡೆ. ಅಳಲಿಲ್ಲ. ಏನಾಯಿತೆಂದು ನನ್ನನ್ನು ಕೇಳಿದಳು, ನಾನು ಹೇಳಿದೆ.

"ಪಂಡಿತ್ ಸಾ, ಬಿಸಿನೀರು ಸಿಕ್ತದಾ?" ಎಂದಳು.

ಅಣ್ಣನವರಿಗೆ ಅದು ಸರಿಯೆನಿಸಲಿಲ್ಲ. ಗಂಡಸರ ದೇಹವನ್ನು ಹೆಂಗಸರು, ಅದರಲ್ಲೂ ನಾನಾ ಮನೆತನದವರು, ಹೀಗೆ ಸುತ್ತ ಕುಳಿತು ಮುಟ್ಟುವುದನ್ನು ಊರವರು ಏನೆಂದಾರು ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರು ಕಂಡ ರೀತಿಯೇ ಹಾಗೆ.

ಮೇಷ್ಟ್ರ ಪತ್ನಿ ಆಗಲೇ ಎದ್ದು ಒಲೆಯ ಕಡೆ ಹೊರಟಿದ್ದರು. ತಿರುಗಿ ನಿಂತು ಹೇಳಿದರು, "ಭಾವ, ಅವ್ರ ಕಾಲಿನ ನರ ಎಲ್ಲಿ ಓಗಿ ಎಲ್ಲಿ ಸೇರ್ತದೆ ಅಂತ ಈ ಊರಲ್ಲಿ ಇವ್ರಿಗಿಂತ ತಿಳಿದೋರು ಇದ್ರೆ ಹೇಳಿ, ಅವ್ರನ್ನೇ ಕರಿಯಾಣ." ಮತ್ತೆ ಒಲೆಯ ಕಡೆ ತಿರುಗುತ್ತ, "ನಾನೂ ಜೊತೇಲಿ ಕೂರ್ತೀನಿ," ಎಂದರು. ಅಣ್ಣನವರು ಹಂಡೆಗೆ ನೀರು ಸೇದಲು ತಾವೇ ಬಾವಿಗೆ ನಡೆದರು.

ಎಳ್ಳೆಣ್ಣೆ ಕಾಯಿಸಿದರು. ಬಟ್ಟೆಗಳನ್ನು ಬಿಸಿನೀರಿಗೆ ಅದ್ದಿ ಹಿಂಡಿ ಕಾಲುಗಳ ಮೇಲೆ ಹಾಸಿದರು, ಆರಿದೊಡನೆ ಬೇರೆ ಹಾಸಿದರು. ಹೆಬ್ಬೆರಳಿನ ಕಟ್ಟನ್ನು ಮೇಷ್ಟ್ರ ಪತ್ನಿಯೇ ಬಿಚ್ಚಿದರು. ನಾಯಕಿ ಒಂದು ಪಾದವನ್ನು ತೆಗೆದುಕೊಂಡಳು, ಇನ್ನೊಬ್ಬಳು ಮತ್ತೊಂದನ್ನು. ಬೆರಳುಗಳಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಮೀನಖಂಡಕ್ಕೆ ಕೈಗಳು ಅವಸರವಿಲ್ಲದೆ ಏರಿದವು. ನಾನು ಹೊಸ್ತಿಲ ಬಳಿ ಕುಳಿತು ಪಂಚಾಕ್ಷರಿಯನ್ನು ಜಪಿಸುತ್ತಿದ್ದೆ. ಕಣ್ಣೆತ್ತಿ ನೋಡುವ ಧೈರ್ಯ ಇರಲಿಲ್ಲ. ಮಾತುಗಳು ಮಾತ್ರ ಕೇಳುತ್ತಿದ್ದವು.

"ಬಗ್ಸೋಕೋಗ್ಬೇಡ ಕಣಮ್ಮಿ. ಕಾಯಿ."

"ಕಾಯ್ತಾನೇ ಇವ್ನಿ."

 ಆಮೇಲೆ ಯಾರೋ ಒಬ್ಬಳು, "ಸಾ ಇದ್ದಿದ್ರೆ ಈ ಹೊತ್ಗೆ ಬೆನ್ನು ತಿರುಗ್ಸಿ ನಿಂತ್ಕೊಂಬುಡೋರು," ಎಂದಳು. ಮೊದಲು ನಕ್ಕವರು ಮೇಷ್ಟ್ರ ಪತ್ನಿ. ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಅದುವರೆಗೆ ತಡೆದಿದ್ದ ಅಳು ಒಬ್ಬೊಬ್ಬರಿಗೂ ಒಡೆಯಿತು. ಅಳುತ್ತಲೇ ಇದ್ದರು, ಕೈಗಳು ಮಾತ್ರ ನಿಲ್ಲಲಿಲ್ಲ.

ಹೊತ್ತು ನೆತ್ತಿಗೇರುವ ಹೊತ್ತಿಗೆ ಎಡ ಮೊಣಕಾಲು ಸಡಿಲವಾಯಿತು. ನಾಯಕಿ ಅದನ್ನು ಬಗ್ಗಿಸಲಿಲ್ಲ. ಹಿಮ್ಮಡಿಯನ್ನು ಅಂಗೈಯಲ್ಲಿ ಹೊತ್ತು ಕುಳಿತಿದ್ದಳು, ಅದು ಅವಳ ಕಡೆಗೆ ನಿಧಾನವಾಗಿ ಬಂತು ಎಂದು ಆಮೇಲೆ ನನಗೆ ಹೇಳಿದರು. ಸೊಂಟ ಬಗ್ಗಿತು. ಬಲಗಾಲು ಪೂರ್ತಿ ಮಡಿಯಲಿಲ್ಲ, ಮೊಣಕಾಲು ನೆಲ ಮುಟ್ಟದೆ ಮೇಲಕ್ಕೇ ನಿಂತಿತು. ಮತ್ತೆ ಬಿಸಿಬಟ್ಟೆ ತರಲು ಹೊರಟವರನ್ನು ಮೇಷ್ಟ್ರ ಪತ್ನಿ ತಡೆದರು. "ಸಾಕು ಬುಡ್ರವ್ವ. ಇಷ್ಟು ಸಾಕು." ಮಡಿಪಂಚೆಯೊಂದನ್ನು ಸುತ್ತಿ ಆ ಮೊಣಕಾಲಿನ ಕೆಳಗೆ ಆಸರೆ ಕೊಟ್ಟರು. ಮೇಷ್ಟ್ರನ್ನು ಗೋಡೆಗೆ ಒರಗಿಸಿ ಗದ್ದಿಗೆಯ ಮೇಲೆ ಕೂರಿಸಿದರು. ತಲೆ ತುಸು ಎಡಕ್ಕೆ ವಾಲಿತ್ತು.

ಇನ್ನು ಉಳಿದದ್ದು ಎಡಗೈ. ನೀವಿದ ಮೇಲೆ ತೋಳು ಬಗ್ಗಿದ್ದರೂ ಬೆರಳುಗಳು ಮುಷ್ಟಿ ಕಟ್ಟಿದ್ದವು. ಲಿಂಗವನ್ನು ಇಡುವುದಕ್ಕೆ ಅಂಗೈ ತೆರೆಯಬೇಕು. ಎಣ್ಣೆ ಹಾಕಿ ನೋಡಿದರು, ನೀವಿ ನೋಡಿದರು. ಆಗಲಿಲ್ಲ. ನಾಯಕಿ ಸೋತವಳಂತೆ ನನ್ನ ಕಡೆ ನೋಡಿದಳು.

ಮೇಷ್ಟ್ರ ಪತ್ನಿ ಹೊರಗೆ ಹೋಗಿ ಡ್ರೈವರನ್ನು ಕರೆತಂದರು. ಅವನು ಹೊಸ್ತಿಲಲ್ಲೇ ನಿಂತ. "ನಾನು ಮುಟ್ಟಿದ್ದೇ ತಪ್ಪಾಗೋಯ್ತಲ್ಲವ್ವ. ಇನ್ನ ಮುಟ್ಟಾಕಿಲ್ಲ."

"ಕೊನೇಲಿ ಅವ್ರ ಕೈ ಹಿಡ್ಕಂಡಿದ್ದೋರು ಯಾರಪ್ಪ?" ಎಂದು ಆಕೆ ಕೇಳಿದರು.

ಅವನು ತಲೆ ತಗ್ಗಿಸಿದ. ಮೇಷ್ಟ್ರೇ ತನ್ನ ಬೆರಳುಗಳನ್ನು ಹಿಡಿದಿದ್ದರು, ಉಸಿರು ನಿಂತ ಮೇಲೂ ಆ ಹಿಡಿತ ಹಾಗೆಯೇ ಇತ್ತು ಎಂದು ತಡೆತಡೆದು ಹೇಳಿದ. "ಬುಡಿಸ್ಕಳಾಕೆ ಮನಸೇ ಬರ್ನಿಲ್ಲ ಕಣವ್ವ. ಬೋ ಹೊತ್ತು ಅಂಗೇ ಕೂತಿದ್ದೆ."

"ನಾನಿರಬೇಕಾಗಿತ್ತು ಅಲ್ಲಿ. ನಾನಿರ್ನಿಲ್ಲ, ನೀನಿದ್ದೆ," ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಕೈಗೆ ನಿನ್ನ ಕೈ ಗೊತ್ತು. ಬಾ, ಕೂತ್ಕೋ."

ಅವನು ಬಂದು ಗುರುವಿನ ಎಡಕ್ಕೆ ಕುಳಿತು, ಆ ಮುಷ್ಟಿಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡ. ನೀವಲಿಲ್ಲ, ಎಳೆಯಲಿಲ್ಲ. ತನ್ನ ಮೈಯ ಬಿಸಿಯನ್ನು ಅದಕ್ಕೆ ಕೊಡುತ್ತ ಸುಮ್ಮನೆ ಕುಳಿತ. ನಾನು ಈ ಸಲ ಕಣ್ಣು ತಗ್ಗಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನು ತನ್ನ ಹೆಬ್ಬೆರಳನ್ನು ಒಳಗೆ ತೂರಿಸಿದ. ಆಮೇಲೆ ತೋರುಬೆರಳು. ಒಂದೊಂದೇ ಬೆರಳು ತೆರೆಯಿತು. ಅಂಗೈ ಬಟ್ಟಲಿನ ಹಾಗೆ ಆಯಿತು. ಮೇಷ್ಟ್ರ ಪತ್ನಿ ಸೆರಗಿನ ಗಂಟು ಬಿಚ್ಚಿ ಲಿಂಗವನ್ನು ನನ್ನ ಕೈಗೆ ಕೊಟ್ಟರು, ನಾನು ಅದನ್ನು ಅವರ ಅಂಗೈಯಲ್ಲಿರಿಸಿದೆ. ಆಕೆ ಅಡುಗೆಮನೆಯ ಬಾಗಿಲಿಗೆ ಹೋಗಿ, ಒರಗಿ ನಿಂತು, ಗಂಡನನ್ನು ನೋಡಿದರು.  ಆಕೆ ನೋಡಿ ಮುಗಿಸುವವರೆಗೂ ನಾವು ಕಾದೆವು.

ಮುಂದಿನದು ನನ್ನ ಪಾಲಿನ ಕಷ್ಟ. ಲಿಂಗೈಕ್ಯರಾದವರ ತಲೆಯ ಮೇಲೆ ಮನೆತನದ ಅಯ್ಯನವರು ಪಾದವಿಟ್ಟು ಹರಸಿ ಬೀಳ್ಕೊಡಬೇಕೆಂಬ ವಿಧಿ ನಮ್ಮಲ್ಲಿದೆ. ಎಷ್ಟೋ ಮನೆಗಳಲ್ಲಿ ಮಾಡಿದ್ದೆ. ಇವರ ಮುಂದೆ ನಿಂತಾಗ ಕಾಲು ಮೇಲೇಳಲಿಲ್ಲ. ಯಾರ ಪಾದಕ್ಕೆ ನಾನು ಎರಗಬೇಕಿತ್ತೋ ಅವರ ಶಿರಸ್ಸು. ಅಣ್ಣನವರು ನನ್ನ ತೋಳು ಹಿಡಿದುಕೊಂಡರು. ಪಾದವನ್ನು ಕೂದಲಿಗೆ ಸೋಕಿಸಿದೆನೋ ಇಲ್ಲವೋ, ಇಳಿಸಿ, ಅದೇ ಜಾಗದಲ್ಲಿ ನನ್ನ ಹಣೆಯನ್ನಿಟ್ಟೆ. ಇದು ವಿಧಿಯಲ್ಲಿಲ್ಲ. ಮಂತ್ರ ಅರ್ಧಕ್ಕೆ ನಿಂತಿತು. ಉಳಿದದ್ದನ್ನು ಹೇಗೆ ಮುಗಿಸಿದೆನೆಂದು ನನಗೆ ತಿಳಿಯದು.

ವಿಮಾನವೆಂದು ಕರೆಯುವ ಬಿದಿರಿನ ಚಟ್ಟದಲ್ಲಿ ಕೂರಿಸಿ ಗದ್ದೆಯ ಮೇಲಿನ ದಿಬ್ಬಕ್ಕೆ ಒಯ್ದರು. ಮುಂದಿನ ಬಿದಿರಿಗೆ ಅಣ್ಣನವರ ಪಕ್ಕದಲ್ಲಿ ಡ್ರೈವರು ಹೆಗಲು ಕೊಟ್ಟ. ವಿಭೂತಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಅವರ ಮುಖ ಮುಚ್ಚುವವರೆಗೂ ಹೆಣ್ಣುಮಕ್ಕಳು ಕದಲದೆ ನಿಂತಿದ್ದರು. ಬ್ಯಾರನ್ನಿನ ಬೆಂಕಿ ನೋಡಬೇಕಾದವರು ಕತ್ತಲೆಗೆ ಮುಂಚೆ ಹೊರಟರು.

ಈಗ ಸೋಮವಾರ ಬಂದರೆ ನಾನು ಬಸ್ಸು ಹತ್ತುವುದಿಲ್ಲ. ಮನೆಯಲ್ಲೇ ಪೂಜೆಗೆ ಕೂರುತ್ತೇನೆ, ಮನಸ್ಸು ಕೂರುವುದಿಲ್ಲ. ಆತ್ಮಕ್ಕೆ ಸಾವಿಲ್ಲವೆಂದು ನೂರಾರು ಮಕ್ಕಳಿಗೆ ಪಾಠ ಹೇಳಿದವನು, ಬಿಸಿಲು ಬಿದ್ದ ಬೆಳಿಗ್ಗೆ ಬ್ಯಾಟು ಬಾಲು ಹಿಡಿದು ಬೀದಿಯಲ್ಲಿ ಓಡುವ ಮಕ್ಕಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತೇನೆ. ಅವರ ಪತ್ನಿಗೆ ಫೋನು ಮಾಡಿ ಹೇಗಿದ್ದೀರಿ ಎಂದರೆ, ಕಣ್ಣು ಮುಚ್ಚಿದರೆ ಕೂತಿರುವುದೇ ಕಾಣುತ್ತದೆ ಅಯ್ನೋರೆ ಎನ್ನುತ್ತಾರೆ. 

ಆ ತಾಯಿಯ ಕಣ್ಣಿನೊಳಗಿನ ಆ ನೋಟವನ್ನು ಶಿವನು ಕೊನೆಯವರೆಗೂ ಕಾಪಾಡಲಿ. ಬಾವಿಯಿಂದ ನೀರು ಸೇದಿದ ಅಣ್ಣನವರ ತೋಳಿಗೆ ಬಲ ಬರಲಿ. ಪಿರಿಯಾಪಟ್ಟಣದಿಂದ, ಕೋಟೆಯಿಂದ, ಹುಣಸೂರಿನ ಹೊಲಗಳಿಂದ ಓಡಿಬಂದ ಆ ಹೆಣ್ಣುಮಕ್ಕಳ ಮನೆಗಳಲ್ಲಿ ಅನ್ನ ಅಕ್ಷಯವಾಗಲಿ, ಅವರ ಮಕ್ಕಳ ಕಾಲು ಎಡವದಿರಲಿ. ದಿಬ್ಬದಲ್ಲಿ ಮಣ್ಣು ಅಗೆದವರಿಗೆ, ಬಿಲ್ವ ಕೊಯ್ದವರಿಗೆ, ಒಲೆಗೆ ಸೌದೆ ಒಟ್ಟಿದವರಿಗೆ ಒಳಿತಾಗಲಿ. ತನ್ನದೇ ರೀತಿಯಲ್ಲಿ ಗುರುವಿಗೆ ಗೌರವ ಸಲ್ಲಿಸಿ, ಅದಕ್ಕಾಗಿ ನೊಂದು, ಆ ಕೈಯನ್ನು ಮತ್ತೆ ತೆರೆದ ಮಗನು ಓಡಿಸುವ ದಾರಿಯೆಲ್ಲ ಸುಗಮವಾಗಲಿ, ಅವನ ನಿದ್ದೆ ನಿಶ್ಚಿಂತೆಯದಾಗಲಿ. ಅವರೆಲ್ಲರನ್ನೂ ಈ ಮುದುಕನ ಕಡೆಯಿಂದಲೂ, ಹರಸಲು ಈಗ ಇಲ್ಲಿ ಇಲ್ಲದ ನನ್ನ ಮೇಷ್ಟ್ರ ಕಡೆಯಿಂದಲೂ ಶಿವನು ಹರಸಲಿ.